ಕವರೇಜ್ ಓದುವ ಹಾಳೆ, ಮೂರನೇ ಹಂತ: ಮೊದಲು ಸೇಫ್ಟಿ, ಆಮೇಲೆ ರಿಸೀವರ್

ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ ಯಾವ ರಿಸೀವರ್‌ಗೆ ಚೆಂಡು ಎಸೆಯಬೇಕೆಂದು ಹೇಗೆ ನಿರ್ಧರಿಸುತ್ತಾನೆ ಎಂಬುದನ್ನು ಆಲ್-22 ವಿಡಿಯೊ ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವ ಕೆಲಸವಿದು. ಟಿವಿ ಪ್ರಸಾರದಲ್ಲಿ ಸೇಫ್ಟಿಗಳು (ಎಲ್ಲರಿಗಿಂತ ಹಿಂದೆ ನಿಲ್ಲುವ ಡಿಫೆಂಡರ್‌ಗಳು) ಹೆಚ್ಚಾಗಿ ಪರದೆಯ ಆಚೆಗೇ ಇರುತ್ತಾರೆ. 22 ಆಟಗಾರರೂ ಕಾಣುವ ಈ ವಿಡಿಯೊವನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2012ರಲ್ಲಿ ಚಂದಾದಾರರಿಗೆ ತೆರೆದಿಟ್ಟ ಮೇಲೆಯೇ ಹೊರಗಿನವರಿಗೆ ಇಂಥ ಅಭ್ಯಾಸ ಸಾಧ್ಯವಾಯಿತು. ಹಿಂದಿನ ಹಂತಗಳಲ್ಲಿ ರೂಟ್‌ಗಳು (ರಿಸೀವರ್ ಓಡುವ ದಾರಿಗಳು), ಕವರೇಜ್‌ಗಳ (ಡಿಫೆನ್ಸ್ ಕಾಯುವ ವಿಧಾನಗಳ) ಹೆಸರುಗಳು ಮುಗಿದಿವೆ. ಈ ಸಲ ಅಂಕಣಗಳ ಕ್ರಮವನ್ನೇ ಬದಲಿಸಿದ್ದೇವೆ. ರಿಸೀವರ್ ಅಂಕಣ ಕೊನೆಗೆ ಹೋಗಿದೆ, ಸೇಫ್ಟಿ ಅಂಕಣ ಮೊದಲಿಗೆ ಬಂದಿದೆ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಹೋಗುವ ಕ್ರಮವೂ ಅದೇ. ರಿಸೀವರ್ ಬಿಡುವಾಗಿದ್ದಾನೆಯೇ ಎಂದು ಹುಡುಕುತ್ತ ಕೂತರೆ ಚೆಂಡು ಯಾವಾಗಲೂ ತಡ. ಒಬ್ಬ ಡಿಫೆಂಡರ್ ಎತ್ತ ಹೊರಟ ಎಂದು ನೋಡಿ, ಅವನು ಬಿಟ್ಟ ಜಾಗಕ್ಕೆ ಎಸೆಯಬೇಕು.

ಅಂಕಣ 1: ಸ್ನ್ಯಾಪ್‌ಗೆ ಮುಂಚೆ

ಸ್ನ್ಯಾಪ್ ಎಂದರೆ ಚೆಂಡನ್ನು ಹಿಂದಕ್ಕೆ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು ಆಟ ಶುರುಮಾಡುವುದು. ಅದಕ್ಕಿರುವ ಪ್ಲೇ ಕ್ಲಾಕ್ 40 ಸೆಕೆಂಡಿನದು. ಅದು 15ಕ್ಕೆ ಇಳಿದೊಡನೆ ಹೆಲ್ಮೆಟ್‌ನೊಳಗಿನ ರೇಡಿಯೊ ಕಡಿತವಾಗುತ್ತದೆ. ಕೋಚ್‌ನ ಮಾತು ಅಲ್ಲಿಗೆ ಮುಗಿಯಿತು, ಮುಂದಿನದೆಲ್ಲ ಕ್ವಾರ್ಟರ್‌ಬ್ಯಾಕ್‌ನದೇ ಲೆಕ್ಕ.

ಮೊದಲ ಪ್ರಶ್ನೆ: ಮೈದಾನದ ನಡುಭಾಗ ಆಳದಲ್ಲಿ ತೆರೆದಿದೆಯೇ, ಮುಚ್ಚಿದೆಯೇ? ಇಬ್ಬರು ಸೇಫ್ಟಿಗಳು 12ರಿಂದ 14 ಗಜ ಹಿಂದೆ, ಎಡಕ್ಕೊಬ್ಬ ಬಲಕ್ಕೊಬ್ಬ ನಿಂತಿದ್ದರೆ ತೆರೆದಿದೆ: ಕವರ್ 2, ಕವರ್ 4 (ಅಂಕಿ ಆಳ ಕಾಯುವವರ ಸಂಖ್ಯೆ) ಅಥವಾ ಎರಡೂ ಬೆರೆತ ಕವರ್ 6. ಒಬ್ಬನೇ ನಡುವೆ ನಿಂತಿದ್ದರೆ ಮುಚ್ಚಿದೆ: ಕವರ್ 1 ಅಥವಾ ಕವರ್ 3. ಆಳದಲ್ಲಿ ಯಾರೂ ಇಲ್ಲವೆಂದರೆ ಕವರ್ 0, ಅಂದರೆ ಬ್ಲಿಟ್ಜ್ (ಹೆಚ್ಚು ಮಂದಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ಬರುತ್ತಿದೆ. ತಡೆಯಲು ಐವರು, ನುಗ್ಗಲು ಆರು ಮಂದಿ ಇದ್ದರೆ ಆರನೆಯವನಿಗೆ ತಡೆಯೇ ಇರುವುದಿಲ್ಲ. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ತಡೆಯಲು ನಿಲ್ಲಬೇಕು, ಇಲ್ಲವೇ ಚೆಂಡು ಕೂಡಲೇ ಕೈಬಿಡಬೇಕು.

ಆಮೇಲೆ ಕಾರ್ನರ್, ಹೊರಗಿನ ರಿಸೀವರ್ ಎದುರು ನಿಲ್ಲುವ ಡಿಫೆಂಡರ್. ಐದು ಗಜದಲ್ಲಿ, ರಿಸೀವರ್‌ನ ಹೊರಬದಿಗೆ ನಿಂತು ಕ್ವಾರ್ಟರ್‌ಬ್ಯಾಕ್ ಕಡೆ ಕಣ್ಣಿಟ್ಟಿದ್ದರೆ ಕವರ್ 2ರ ವಾಸನೆ. ಏಳೆಂಟು ಗಜ ಹಿಂದಿದ್ದರೆ ಕವರ್ 3 ಅಥವಾ 4. ಒಳಬದಿಗೆ ನಿಂತು ರಿಸೀವರ್‌ನನ್ನೇ ದಿಟ್ಟಿಸುತ್ತಿದ್ದರೆ ಮ್ಯಾನ್ (ಒಬ್ಬನಿಗೊಬ್ಬ ಕಾವಲು). ಅನುಮಾನವಿದ್ದರೆ ಒಬ್ಬ ರಿಸೀವರ್‌ನನ್ನು ಈ ಬದಿಯಿಂದ ಆ ಬದಿಗೆ ನಡೆಸಿ ನೋಡಬೇಕು. ಡಿಫೆಂಡರ್ ಬೆನ್ನು ಹತ್ತಿದರೆ ಬಹುಮಟ್ಟಿಗೆ ಮ್ಯಾನ್, ಒಬ್ಬರಿಗೊಬ್ಬರು ಕೈತೋರಿಸಿ ಒಂದೆರಡು ಹೆಜ್ಜೆ ಸರಿದುಕೊಂಡರೆ ಝೋನ್ (ಜಾಗದ ಕಾವಲು).

ಇಲ್ಲಿ ಬರೆದುಕೊಂಡದ್ದು ಬರೀ ಊಹೆ. ಫೀಲ್ಡಿಂಗ್ ನೋಡಿಕೊಂಡ ಬ್ಯಾಟರ್ ಕೊನೆಗೆ ಸ್ಪಿನ್ನರ್‌ನ ಮಣಿಕಟ್ಟನ್ನು ನೋಡಲೇಬೇಕಾದ ಹಾಗೆ, ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್ ಆದೊಡನೆ ಸೇಫ್ಟಿಯನ್ನು ಮತ್ತೆ ನೋಡಲೇಬೇಕು. ಕೋಚ್ ವಿಕ್ ಫ್ಯಾಂಜಿಯೊ ಶೈಲಿಯ ಡಿಫೆನ್ಸ್‌ಗಳು ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ತೋರಿಸಿ, ಸ್ನ್ಯಾಪ್ ಆಗುತ್ತಲೇ ಒಬ್ಬನನ್ನು ಕೆಳಗೆ ಇಳಿಸಿ ಇನ್ನೊಬ್ಬನನ್ನು ನಡುವಿಗೆ ತಿರುಗಿಸುತ್ತವೆ. ತೋರಿಸಿದ್ದು ಕವರ್ 4, ಆಡಿದ್ದು ಕವರ್ 3. ಹಾಗಾಗಿ ಸೇಫ್ಟಿಗೆ ಈಗ ಎರಡು ಕೋಶಗಳಿವೆ: ಸ್ನ್ಯಾಪ್‌ಗೆ ಮುಂಚೆ ಒಂದು, ಕ್ವಾರ್ಟರ್‌ಬ್ಯಾಕ್‌ನ ಮೂರನೇ ಹೆಜ್ಜೆಯಲ್ಲಿ ಒಂದು. ಎರಡೂ ಬೇರೆಯಾದ ಸಾಲುಗಳಿಗೆ ಕೆಂಪು ಬಣ್ಣ. ಹೆಚ್ಚು ಕಲಿಸುವುದು ಆ ಸಾಲುಗಳೇ.

ಅಂಕಣ 2: ಯಾರನ್ನು ಓದುವುದು

ಸ್ಮ್ಯಾಶ್ ಆಟದಲ್ಲಿ ಹೊರಗಿನ ರಿಸೀವರ್ ಐದಾರು ಗಜ ಓಡಿ ನಿಂತು ತಿರುಗುತ್ತಾನೆ, ಒಳಗಿನವನು ಸುಮಾರು 12 ಗಜದಲ್ಲಿ ಮೂಲೆಯತ್ತ ಮುರಿಯುತ್ತಾನೆ. ಕವರ್ 2 ಎದುರು ಓದಬೇಕಾದವನು ಕಾರ್ನರ್ ಒಬ್ಬನೇ. ಅವನು ಕೆಳಗೇ ಕೂತರೆ ಮೂಲೆಯ ರೂಟ್, ಹಿಂದಕ್ಕೆ ಜಾರಿದರೆ ಹತ್ತಿರದವನು.

ನಾಲ್ವರು ರಿಸೀವರ್‌ಗಳು ನೇರ ಆಳಕ್ಕೆ ಓಡುವ ಫೋರ್ ವರ್ಟಿಕಲ್ಸ್‌ಗೆ ಹೆಚ್ಚು ಹೊತ್ತು ಕೊಟ್ಟಿದ್ದೇವೆ, ಏಕೆಂದರೆ ಕಾಗದದ ಮೇಲೆ ಇದು ನಾಲ್ಕು ನೇರ ಗೆರೆ ಮಾತ್ರ. ಕವರ್ 3 ಎದುರು ಒಳಗಿನ ಇಬ್ಬರು ರಿಸೀವರ್‌ಗಳ ನಡುವೆ ಒಬ್ಬನೇ ಸೇಫ್ಟಿ. ಕ್ವಾರ್ಟರ್‌ಬ್ಯಾಕ್ ಒಂದು ಕಡೆ ಕಣ್ಣು ನೆಟ್ಟು ಅವನನ್ನು ಅತ್ತ ವಾಲಿಸಿ, ಇನ್ನೊಂದು ಕಡೆಯವನಿಗೆ ಎಸೆಯಬೇಕು. ಕೆಡುವುದು ಸಾಮಾನ್ಯವಾಗಿ ಅಂತರದಲ್ಲಿ. ಎನ್‌ಎಫ್‌ಎಲ್ ಮೈದಾನದಲ್ಲಿ ಎರಡು ಹ್ಯಾಶ್ ಗುರುತುಗಳ (ಮೈದಾನದ ಉದ್ದಕ್ಕೂ ಹಾಕಿದ ಗಿಡ್ಡ ಗೆರೆಗಳ ಎರಡು ಸಾಲುಗಳ) ನಡುವೆ ಬರೀ 18 ಅಡಿ 6 ಅಂಗುಲ. ಕಾಲೇಜು ಮೈದಾನದಲ್ಲಿ 40 ಅಡಿ. ಕಾಲೇಜಿನ ರೂಢಿಯಂತೆ ಹ್ಯಾಶ್ ಮೇಲೆಯೇ ಓಡಿದರೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಸೇಫ್ಟಿ ಇಬ್ಬರನ್ನೂ ಸಲೀಸಾಗಿ ಕಾಯುತ್ತಾನೆ. ಹ್ಯಾಶ್‌ನಿಂದ ಹೊರಗೇ ಓಡಬೇಕು. ಎಸೆತ ವಿಫಲವಾದ ಪ್ರತಿ ಸಾಲಿನಲ್ಲಿ ಇಬ್ಬರ ನಡುವಿನ ಅಂತರವನ್ನು ಗಜದಲ್ಲಿ ಬರೆದರೆ ತಪ್ಪು ಕೈಯದೋ ಕಾಲಿನದೋ ಗೊತ್ತಾಗುತ್ತದೆ.

ಅದೇ ಆಟ ಟ್ಯಾಂಪಾ 2 ಎದುರು ಬೇರೆ. ಕೋಚ್‌ಗಳಾದ ಟೋನಿ ಡಂಜಿ, ಮಾಂಟಿ ಕಿಫಿನ್ ಹೆಸರಿನೊಂದಿಗೆ ಬೆಸೆದುಕೊಂಡ ಈ ಕವರೇಜ್‌ನಲ್ಲಿ ನಡುವಿನ ಲೈನ್‌ಬ್ಯಾಕರ್ (ಮುಂಚೂಣಿಯ ಹಿಂದೆ ನಿಲ್ಲುವ ಡಿಫೆಂಡರ್) ಬೆನ್ನು ತಿರುಗಿಸಿ ಆಳಕ್ಕೆ ಓಡುತ್ತಾನೆ. ಅವನು ಖಾಲಿ ಮಾಡಿದ ಜಾಗದಲ್ಲಿ ರನ್ನಿಂಗ್ ಬ್ಯಾಕ್ ಆರಾಮಾಗಿ ಚೆಂಡು ಹಿಡಿಯಬಹುದು. ಕವರ್ 4 ಎದುರೂ ಉತ್ತರ ಇದೇ: ಮೇಲೆ ನಾಲ್ವರಿಗೆ ನಾಲ್ವರು, ಆದ್ದರಿಂದ ಕೆಳಗೆ ಕೊಟ್ಟು ಐದಾರು ಗಜ ಗಳಿಸುವುದು.

ಅಂಕಣ 3: ಕಾಲು

ಸ್ನ್ಯಾಪ್‌ನಿಂದ ಎಸೆತಕ್ಕೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡು. ಕೊನೆಯ ಹೆಜ್ಜೆಯಲ್ಲಿ ಹಿಂಗಾಲು ಊರಿದಾಗ ಮೊದಲ ಆಯ್ಕೆಗೆ ಚೆಂಡು ಹೋಗಬೇಕು. ಮುಂದಿನ ಆಯ್ಕೆಗೆ ಒಂದು ಪುಟ್ಟ ಹೆಜ್ಜೆ ಮುಂದೆ, ಅದರ ಮುಂದಿನದಕ್ಕೆ ಇನ್ನೊಂದು. ಪಾದ ಹಿಂದಿನ ರಿಸೀವರ್ ಕಡೆಗೇ ಉಳಿದು ತಲೆ ಮಾತ್ರ ತಿರುಗಿದರೆ ಚೆಂಡು ಗುರಿ ತಪ್ಪುತ್ತದೆ.

ಬಿಡಿಸಿ ನೋಡಿದ ಒಂದು ಎಸೆತ

2015ರ ಫೆಬ್ರುವರಿ 1ರ ಸೂಪರ್ ಬೌಲ್, ಎನ್‌ಎಫ್‌ಎಲ್‌ನ ಫೈನಲ್. ಸಿಯಾಟಲ್ ತಂಡಕ್ಕೆ ಗೆಲುವಿನ ಗೆರೆ ಒಂದೇ ಗಜ ದೂರ, ಸೆಕೆಂಡ್ ಡೌನ್ (ನಾಲ್ಕು ಯತ್ನಗಳಲ್ಲಿ ಎರಡನೆಯದು). ಬಲಕ್ಕೆ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು: ಮುಂದೆ ಜೆರ್ಮೇನ್ ಕರ್ಸ್, ಹಿಂದೆ ರಿಕಾರ್ಡೊ ಲಾಕೆಟ್. ಕರ್ಸ್ ಮುನ್ನುಗ್ಗಿ ಹಿಂದಿನ ಡಿಫೆಂಡರ್ ಮಾಲ್ಕಂ ಬಟ್ಲರ್ ದಾರಿಗೆ ಅಡ್ಡವಾಗಬೇಕು, ಲಾಕೆಟ್ ಒಳಕ್ಕೆ ಓಡಬೇಕು. ಮ್ಯಾನ್ ಎದುರು ಇದು ಒಪ್ಪುವ ಆಟವೇ. ಆದರೆ ಎದುರಾಳಿ ಡಿಫೆಂಡರ್ ಬ್ರಾಂಡನ್ ಬ್ರೌನರ್ ಗೆರೆಯ ಮೇಲೆಯೇ ಕರ್ಸ್ ಎದೆಗೆ ಕೈಕೊಟ್ಟು ಅಲ್ಲಾಡದಂತೆ ಹಿಡಿದರು. ಬಟ್ಲರ್‌ಗೆ ದಾರಿ ತೆರವಾಯಿತು, ಸಿಯಾಟಲ್ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಚೆಂಡು ಬಟ್ಲರ್ ಕೈಸೇರಿತು. ಎಲ್ಲರೂ ಬಟ್ಲರ್‌ನನ್ನು ನೆನೆಯುತ್ತಾರೆ. ನಮ್ಮ ಹಾಳೆಯಲ್ಲಿ ‘ಓದಬೇಕಾದವನು’ ಕೋಶದಲ್ಲಿರುವುದು ಬ್ರೌನರ್ ಹೆಸರು. ಹಿಂದಿನ ಋತುವಿನವರೆಗೆ ಅವರು ಸಿಯಾಟಲ್ ಆಟಗಾರನೇ ಆಗಿದ್ದರು.

ಗುರುತು ಹಾಕುವಾಗ ಎಡವುವ ಕಡೆ

ಮ್ಯಾಚ್ ಕವರೇಜ್ ಶುರುವಿನಲ್ಲಿ ಝೋನ್, ಕೊನೆಯಲ್ಲಿ ಮ್ಯಾನ್. ಒಳಗಿನ ರಿಸೀವರ್ ನೇರ ಆಳಕ್ಕೆ ಹೋದರೆ ಸೇಫ್ಟಿ ಅವನನ್ನೇ ಹಿಡಿಯುತ್ತಾನೆ, ಅಡ್ಡ ಹೋದರೆ ಬೇರೊಬ್ಬನಿಗೆ ಒಪ್ಪಿಸುತ್ತಾನೆ. ಎಸೆತದ ಕ್ಷಣದಲ್ಲಿ ಮಾತ್ರ ವಿಡಿಯೊ ನಿಲ್ಲಿಸಿದರೆ ಎಲ್ಲವೂ ಮ್ಯಾನ್ ಎಂದೇ ಕಾಣುತ್ತದೆ. ಆದ್ದರಿಂದ ಒಪ್ಪಿಸುವ ಕ್ಷಣ ಸಿಗುವವರೆಗೆ ಹಿಂದಕ್ಕೆ ಓಡಿಸಿ ನೋಡಬೇಕು. ಆಳ ಅಳೆಯಲು ಪಕ್ಕದ ಕ್ಯಾಮೆರಾ, ಒಳಬದಿ ಹೊರಬದಿ ತಿಳಿಯಲು ಎಂಡ್ ಝೋನ್ (ಮೈದಾನದ ತುದಿಯಲ್ಲಿ ಅಂಕ ಗಳಿಸುವ ಜಾಗ) ಹಿಂದಿನ ಕ್ಯಾಮೆರಾ. ಒಂದನ್ನೇ ನಂಬಿದರೆ ಎರಡನೇ ಅಂಕಣ ತಪ್ಪುತ್ತದೆ.

ಮುಂದಿನ ಹಂತ ರೆಡ್ ಝೋನ್, ಅಂದರೆ ಎಂಡ್ ಝೋನ್‌ಗೆ ಮುಂಚಿನ ಕೊನೆಯ 20 ಗಜ. ಅಲ್ಲಿ ಆಳವೇ ಇಲ್ಲದ್ದರಿಂದ ಫೋರ್ ವರ್ಟಿಕಲ್ಸ್ ಸಾಲುಗಳನ್ನು ತೆಗೆದು, ಎಂಡ್ ಝೋನ್‌ನ 10 ಗಜವನ್ನೂ ಸೇರಿಸಿಕೊಂಡು ಹೊಸ ಅಳತೆಯ ಹಾಳೆ ಮಾಡುತ್ತಿದ್ದೇವೆ.