ಟಾಸ್ ಆದ ಮೇಲೆ ಹದಿನೇಳು ನಿಮಿಷ

ಕಾಸರಗೋಡಿನ ಒಂದು ಕೇಬಲ್ ಚಾನೆಲ್‌ನಲ್ಲಿ ಸಂಜೆ ಏಳೂವರೆಯ ಕನ್ನಡ ಬುಲೆಟಿನ್ ನನ್ನ ಪಾಲಿನದು. ಪಕ್ಕದ ಮೇಜು ಮಲಯಾಳಂ ಡೆಸ್ಕ್. ಎಡಿಟ್ ಸಿಸ್ಟಮ್ ಇಬ್ಬರಿಗೂ ಒಂದೇ. ಅದು ಯಾವಾಗಲೂ ಅವರಿಗೇ ಮೊದಲು ಸಿಗುತ್ತದೆ, ಅದು ಬೇರೆ ಕಥೆ.

2024ರ ಜೂನ್ 12. ಟಿ20 ವಿಶ್ವಕಪ್‌ನಲ್ಲಿ ಭಾರತಕ್ಕೂ ಅಮೆರಿಕಕ್ಕೂ ನ್ಯೂಯಾರ್ಕ್‌ನಲ್ಲಿ ಮ್ಯಾಚ್. ಆರು ದಿನ ಹಿಂದೆ ಅಮೆರಿಕ ಸೂಪರ್ ಓವರ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿತ್ತು. ಆ ಮ್ಯಾಚ್‌ನಲ್ಲಿ ಮೂರು ವಿಕೆಟ್ ತೆಗೆದ ಎಡಗೈ ಸ್ಪಿನ್ನರ್ ನಾಸ್ತುಷ್ ಕೆಂಜಿಗೆ ಚಿಕ್ಕಮಗಳೂರು ಕಡೆಯವರು. ನನಗೆ ಇನ್ನೇನು ಬೇಕು? ಎರಡು ನಿಮಿಷ ನಲವತ್ತು ಸೆಕೆಂಡಿನ ಪ್ಯಾಕೇಜ್ ಮಾಡಿದೆ. ಹೆಸರು ‘ನಮ್ಮವನೇ ಎದುರಾಳಿ’. ವಿಒ, ಅಂದರೆ ದೃಶ್ಯದ ಹಿಂದಿನ ಮಾತು, ನಾನೇ ಓದಿದೆ. ‘ತಾಯ್ನಾಡಿನ ವಿರುದ್ಧವೇ ಚೆಂಡು ಹಿಡಿಯಲಿರುವ ಕನ್ನಡಿಗ, ಅವನ ಮನಸ್ಸು ಯಾರ ಕಡೆ?’ ಹಿಂದಿನಿಂದ ಡೋಲಿನ ಸದ್ದು ಬೇರೆ.

ಬೈಟ್‌ಗೆ, ಅಂದರೆ ಜನರ ಮಾತು ರೆಕಾರ್ಡ್ ಮಾಡಲು, ಬದಿಯಡ್ಕಕ್ಕೆ ಹೋಗಿದ್ದೆ. ರಿಟೈರ್ ಆದ ಮಾಷ್ಟ್ರೊಬ್ಬರು ಸಿಕ್ಕಿದರು. ನಾನು ಕೇಳಿದ್ದು ಒಂದು, ಅವರು ಹೇಳಿದ್ದು ಇನ್ನೊಂದು. "ಇದು ಹೊಸತಾ ಮಾರಾಯ? ದೊಡ್ಡ ಪಟೌಡಿ, ಟೈಗರ್ ಪಟೌಡಿಯ ಅಪ್ಪ, 1932ರಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡಿಗಾಗಿ ಸೆಂಚುರಿ ಹೊಡೆದವರು. 1946ರಲ್ಲಿ ಭಾರತದ ಕ್ಯಾಪ್ಟನ್ ಆಗಿ ಅದೇ ಇಂಗ್ಲೆಂಡಿಗೆ ಹೋದರು. ಆ ಟೀಮಿನಲ್ಲಿದ್ದ ಹಫೀಜ್ ಆಮೇಲೆ ಕಾರ್ದಾರ್ ಅಂತ ಪಾಕಿಸ್ತಾನದ ಮೊದಲ ಟೆಸ್ಟ್ ಕ್ಯಾಪ್ಟನ್. ಅವರಿಗೆಲ್ಲ ನೀನು ಯಾರ ಕಡೆ ಅಂತ ಕೇಳ್ತೀಯಾ?" ಐವತ್ತು ಸೆಕೆಂಡ್. ಉದ್ದ ಆಯಿತು ಅಂತ ಪೂರ್ತಿ ಕತ್ತರಿಸಿದೆ. ‘ಭಾರತವೇ ಗೆಲ್ಲಬೇಕು’ ಅಂದ ಹುಡುಗರ ಬೈಟ್ ಹಾಕಿದೆ.

7.30ಕ್ಕೆ ಆನ್ ಏರ್. ಅದೇ ಹೊತ್ತಿಗೆ ಅಲ್ಲಿ ಟಾಸ್. ರೋಹಿತ್ ಗೆದ್ದು ಬೌಲಿಂಗ್ ತೆಗೆದುಕೊಂಡರು. 7.34ಕ್ಕೆ ಮೊಬೈಲ್‌ನಲ್ಲಿ ಟೀಮ್ ಪಟ್ಟಿ ಬಂತು. ಮೇಲಿನಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲೆ ಓದಿದೆ. ಕೆಂಜಿಗೆ ಇಲ್ಲ.

ನನ್ನ ಪ್ಯಾಕೇಜ್ ರನ್‌ಡೌನ್‌ನಲ್ಲಿ, ಅಂದರೆ ಸುದ್ದಿಗಳ ಸರದಿ ಪಟ್ಟಿಯಲ್ಲಿ, ಕೊನೆಗೆ, 7.51ಕ್ಕೆ. ಹದಿನೇಳು ನಿಮಿಷ ಕೈಯಲ್ಲಿತ್ತು. ತೆಗೆದು ಬಿಸಾಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಜಾಗಕ್ಕೆ ಏನು ಹಾಕುವುದು? ಸ್ಟ್ಯಾಂಡ್‌ಬೈ ಸ್ಟೋರಿ ಒಂದಾದರೂ ಇಟ್ಟಿರಬೇಕು ಅಂತ ನಾವು ಹೇಳುವುದು, ಅದಕ್ಕೆ ಆಳು ಕೊಡಿ ಅಂದರೆ ಮೇಲಿನವರು ನಗುವುದು, ಎರಡೂ ವರ್ಷಗಳಿಂದ ನಡೆದಿದೆ.

ಪಿಸಿಆರ್‌ನಲ್ಲಿ, ಅಂದರೆ ಬುಲೆಟಿನ್ ನಡೆಸುವ ಕಂಟ್ರೋಲ್ ರೂಮಿನಲ್ಲಿ, ನಿಂತು ನಾನು ಮಾಡಿದ ಲೆಕ್ಕ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ‘ಇಂಪ್ಯಾಕ್ಟ್ ಪ್ಲೇಯರ್ ಆಗಿ ಬರಬಹುದಲ್ಲ!’ ಮ್ಯಾಚ್ ನಡುವೆ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವ ಐಪಿಎಲ್ ನಿಯಮ ಅದು. ಎರಡು ತಿಂಗಳು ಐಪಿಎಲ್ ನೋಡಿದ ತಲೆ. ಅಂತಾರಾಷ್ಟ್ರೀಯ ಮ್ಯಾಚ್‌ನಲ್ಲಿ ಆ ನಿಯಮವೇ ಇಲ್ಲ ಅಂತ ಹೊಳೆಯಲಿಲ್ಲ. ಟಾಕ್‌ಬ್ಯಾಕ್‌ನಲ್ಲಿ ಆಂಕರ್‌ಗೆ ಹೇಳಿದೆ, "ಲೀಡ್ ಹಾಗೇ ಓದಿ." ಅವರು ಓದಿದರು, "ಇನ್ನು ಕೆಲವೇ ನಿಮಿಷಗಳಲ್ಲಿ ಮೈದಾನಕ್ಕಿಳಿಯಲಿದ್ದಾರೆ..." ಡೋಲು ಶುರುವಾಯಿತು.

ಮಲಯಾಳಂ ಡೆಸ್ಕ್‌ನ ಗೆಳೆಯ ಬಾಗಿಲಲ್ಲಿ ತಲೆ ಹಾಕಿದ. "ನಿಮ್ಮ ಆಳು ಇಲ್ಲವಲ್ಲ ಮಾರಾಯ?" ಅವನ ಹತ್ತಿರ ಭಾರತ ತಂಡದಲ್ಲಿದ್ದ ಕೇರಳದ ಸಂಜು ಸ್ಯಾಮ್ಸನ್ ಸ್ಟೋರಿ ಎರಡು ರೆಡಿ ಇದ್ದವು, ಆಡಿದರೆ ಒಂದು, ಆಡದಿದ್ದರೆ ಒಂದು. ಆಡದಿದ್ದರೆ ಅನ್ನುವುದೇ ಆನ್ ಏರ್ ಹೋಯಿತು. ಆ ವಿಶ್ವಕಪ್ ಪೂರ್ತಿ ಅವನಿಗೆ ಅದೇ ಸಾಕಾಯಿತು. "ನಮಗೆ ಅಭ್ಯಾಸ ಆಗಿಬಿಟ್ಟಿದೆ" ಅಂದ.

ಎಂಟು ಗಂಟೆಗೆ ಮೊದಲ ಫೋನ್, ಬದಿಯಡ್ಕದಿಂದಲೇ. ನನ್ನ ಬೈಟ್ ಯಾಕೆ ಬರಲಿಲ್ಲ ಅಂತ ಬಯ್ಯುತ್ತಾರೆ ಅಂದುಕೊಂಡೆ. ಮಾಷ್ಟ್ರು ಅದರ ಮಾತೇ ಎತ್ತಲಿಲ್ಲ. "ತಾಯ್ನಾಡು ಅಂದೆಯಲ್ಲ, ಆ ಹುಡುಗ ಹುಟ್ಟಿದ್ದು ಎಲ್ಲಿ ಗೊತ್ತುಂಟಾ?" ಹುಡುಕಿ ನೋಡಿದೆ. ಅಮೆರಿಕದ ಅಲಬಾಮ. ಹುಟ್ಟಿದ ದೇಶಕ್ಕೇ ಆಡುತ್ತಿರುವವರಿಗೆ ನಾನು ತಾಯ್ನಾಡಿನ ಪಾಠ ಹೇಳಿದ್ದೆ. ಅದೂ ಕಾಸರಗೋಡಿನಲ್ಲಿ ಕೂತು! ರಣಜಿಯಲ್ಲಿ ನೀನು ಕೇರಳವಾ ಕರ್ನಾಟಕವಾ ಅಂತ ಮಂಗಳೂರಿನ ನೆಂಟರು ಕೇಳಿದಾಗಲೆಲ್ಲ ಊಟ ಬಿಟ್ಟು ಏಳಬೇಕು ಅನ್ನಿಸುವವ ನಾನು.

ಆ ರಾತ್ರಿ ನಿಜವಾದ ‘ಎದುರಾಳಿ’ ಬೇರೆಯೇ ಇದ್ದರು. ಭಾರತದ ಅಂಡರ್-19ಕ್ಕೆ ಆಡಿದ್ದ ಮುಂಬೈಯ ಸೌರಭ್ ನೇತ್ರಾವಲ್ಕರ್. ಅವರ ಬೌಲಿಂಗ್‌ನಲ್ಲಿ ಕೊಹ್ಲಿ ಮೊದಲ ಎಸೆತಕ್ಕೇ ಔಟ್, ಆಮೇಲೆ ರೋಹಿತ್. ನಮ್ಮ ಕ್ಯಾಮೆರಾಮನ್ ಚಪ್ಪಾಳೆ ತಟ್ಟಿ, ಸುತ್ತ ನೋಡಿ, ಕೈ ಕಿಸೆಗೆ ಹಾಕಿಕೊಂಡ. ಸ್ಕ್ರಿಪ್ಟ್‌ನಲ್ಲಿ ನೇತ್ರಾವಲ್ಕರ್‌ಗೆ ನಾನು ಕೊಟ್ಟದ್ದು ಅರ್ಧ ಸಾಲು. ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು, ಆದ್ದರಿಂದ ಯಜಮಾನರ ಬೈಗುಳ ಸ್ವಲ್ಪ ಕಮ್ಮಿಯಾಯಿತು.

2025ರಲ್ಲಿ ಕೇರಳ ರಣಜಿ ಫೈನಲ್‌ಗೆ ಬಂತು. ಸೆಮಿಫೈನಲ್‌ನಲ್ಲಿ ನಮ್ಮ ತಳಂಗರೆಯ ಅಜರುದ್ದೀನ್ ಔಟಾಗದೆ 177. ಫೈನಲ್‌ನಲ್ಲಿ ಎದುರಿಗೆ ವಿದರ್ಭ. ಅಲ್ಲಿ ಕರುಣ್ ನಾಯರ್, ಮಲಯಾಳಿ ಮನೆಯ ಹುಡುಗ, ಕರ್ನಾಟಕಕ್ಕೆ ಆಡಿ ಬೆಳೆದವರು. ‘ನಮ್ಮವನೇ ಎದುರಾಳಿ’ ಅಂತ ಒಂದು ಮಾಡು ಅಂದರು ಯಜಮಾನರು. ಹೆಸರು ಬದಲಿಸಿ ಎರಡು ಮಾಡಿದೆ, ಆಡಿದರೆ ಒಂದು, ಆಡದಿದ್ದರೆ ಒಂದು. ಮಾಷ್ಟ್ರ ಹಳೆಯ ಐವತ್ತು ಸೆಕೆಂಡನ್ನು ಎರಡಕ್ಕೂ ಹಾಕಿದೆ. ಕರುಣ್ ಆಡಿದರು, 86 ಮತ್ತು 135. ಇನ್ನೊಂದು ಫೈಲ್ ಸಿಸ್ಟಮ್‌ನಲ್ಲೇ ಇದೆ. ಜಾಗ ಇಲ್ಲ, ಡಿಲೀಟ್ ಮಾಡು ಅಂತ ಮಲಯಾಳಂ ಡೆಸ್ಕ್ ದಿನಾ ಹೇಳುತ್ತದೆ.