ಎಲ್ಲರೂ ನಿಜ ಹೇಳಿಬಿಟ್ಟರೆ ಕಥೆ ಎಲ್ಲಿ ಉಳಿಯುತ್ತೆ?

ನಾನು ಫ್ಯಾನ್ ಫಿಕ್ಷನ್ ಬರೆಯುತ್ತೇನೆ ಅಂತ ಗೊತ್ತಾದವರು ಮೊದಲು ಕೇಳುವುದು "ಅದರಿಂದ ದುಡ್ಡು ಬರುತ್ತಾ?" ಅಂತ. ಬರುವುದಿಲ್ಲ. ಆ ಮಾತು ಅಲ್ಲಿಗೇ ಮುಗಿಯುತ್ತದೆ. ನನ್ನ ಎರಡು ಮೂರು ಕಥೆ ಓದಿದವರು ಕೇಳುವುದು ಬೇರೆ ಪ್ರಶ್ನೆ, ಅದಕ್ಕೆ ಇದುವರೆಗೆ ನಾನು ನೆಟ್ಟಗೆ ಉತ್ತರ ಕೊಟ್ಟಿಲ್ಲ. "ನಿನ್ನ ಕಥೆಯಲ್ಲಿ ಎಲ್ಲರೂ ನಿಜ ಹೇಳಿಬಿಡ್ತಾರಲ್ಲ? ಯಾರೂ ಏನೂ ಮುಚ್ಚಿಡಲ್ಲ ಅಂದ್ರೆ ಕಥೆ ಎಲ್ಲಿ ಉಳಿಯುತ್ತೆ?" ಮೊನ್ನೆ ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆಯ ಮಗ ಇದನ್ನೇ ಕೇಳಿದ. ಎಲೆಗೆ ಪಾಯಸ ಬೀಳುವ ಹೊತ್ತು. "ಆಮೇಲೆ ಹೇಳ್ತೀನಿ" ಅಂದಿದ್ದೆ. ಆ ಆಮೇಲೆ ಈಗ ಬಂದಿದೆ.

ಫ್ಯಾನ್ ಫಿಕ್ಷನ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇನ್ನೊಬ್ಬರು ಹುಟ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು, ಓದುಗರೇ ತಮ್ಮ ಖುಷಿಗೆ ಬರೆಯುವ ಕಥೆಗಳು ಇವು. ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಧಾರಾವಾಹಿಯ ಅಭಿಮಾನಿಗಳು 1967ರಲ್ಲೇ 'ಸ್ಪಾಕನೇಲಿಯಾ' ಅಂತ ಒಂದು ಪತ್ರಿಕೆ ತಂದಿದ್ದರು. ಈಗ ಇಂಥ ಕಥೆಗಳ ದೊಡ್ಡ ಕಣಜ ಆರ್ಕೈವ್ ಆಫ್ ಅವರ್ ಓನ್ ಅನ್ನುವ ವೆಬ್‌ಸೈಟ್, ಅದಕ್ಕೆ 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ನಮ್ಮಲ್ಲಿ ಪಂಪ ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ್ದು 941ರ ಸುಮಾರಿಗೆ. ಅದನ್ನೂ ಈ ಲೆಕ್ಕಕ್ಕೆ ಸೇರಿಸಿ ಅಂದರೆ ಹಳಗನ್ನಡದ ಮೇಷ್ಟ್ರುಗಳು ಮುನಿಸಿಕೊಳ್ಳುತ್ತಾರೆ, ಹಾಗಾಗಿ ಅಲ್ಲಿಗೇ ಬಿಡುತ್ತೇನೆ.

ಅವಸರದಲ್ಲಿರುವವರಿಗೆ ನನ್ನ ಉತ್ತರ ಪುಣ್ಯಕೋಟಿ. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದ ಹಸು, ಕರುವಿಗೆ ಹಾಲು ಕೊಟ್ಟು "ತಪ್ಪಿಸಿಕೊಂಡೆ ಮಗನೇ" ಅಂತ ಅಲ್ಲೇ ಮಲಗಿದ್ದರೆ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು. ಅದು ವಾಪಸು ಹೊರಟಿತು ನೋಡಿ, ಕರುವಿಗೆ ಬುದ್ಧಿ ಹೇಳುವುದು, ಅಕ್ಕತಂಗಿಯರ ಕೈಗೆ ಕರುವನ್ನು ಒಪ್ಪಿಸುವುದು, ಹುಲಿ ತಬ್ಬಿಬ್ಬಾಗುವುದು ಎಲ್ಲ ಅದರಿಂದಲೇ ಬಂತು. ಸುಳ್ಳು ಹೇಳಿದ್ದರೆ ಕಥೆಯೇ ಇರಲಿಲ್ಲ.

ಪುರುಸೊತ್ತಿರುವವರು ಮುಂದೆ ಓದಿ.

ನಾನು ಬರೆಯಲು ಶುರು ಮಾಡಿದ್ದು ಹ್ಯಾರಿ ಪಾಟರ್‌ನಿಂದ, ಅದರಲ್ಲೂ 2003ರಲ್ಲಿ ಬಂದ ಐದನೇ ಪುಸ್ತಕದ ಮೇಲಿನ ಸಿಟ್ಟಿನಿಂದ. ಆ ಪುಸ್ತಕದ ತುಂಬ ಮುಚ್ಚಿಟ್ಟ ಮಾತುಗಳೇ. ಮೊದಲ ಪುಸ್ತಕದ ಕೊನೆಯಲ್ಲಿ ಹನ್ನೊಂದು ವರ್ಷದ ಹ್ಯಾರಿ, ಆಸ್ಪತ್ರೆಯ ಮಂಚದ ಮೇಲೆ ಕೂತು, ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್ ತನ್ನನ್ನೇ ಯಾಕೆ ಕೊಲ್ಲಲು ಬಂದ ಅಂತ ಕೇಳುತ್ತಾನೆ. ಶಾಲೆಯ ಹೆಡ್‌ಮಾಸ್ಟರ್ ಡಂಬಲ್ಡೋರ್ ಈಗ ಬೇಡ ಅನ್ನುತ್ತಾರೆ. ಆ 'ಈಗ ಬೇಡ' ನಾಲ್ಕು ವರ್ಷ ಎಳೆಯುತ್ತದೆ. ಐದನೇ ಪುಸ್ತಕದ ಕೊನೆಯಲ್ಲಿ, ಹ್ಯಾರಿಗೆ ಅಪ್ಪನ ಜಾಗದಲ್ಲಿದ್ದ ಸಿರಿಯಸ್ ಸತ್ತ ಮೇಲೆ ಅವರು ಎದುರು ಕೂತು ತಪ್ಪೊಪ್ಪಿಕೊಳ್ಳುತ್ತಾರೆ. ಸಿರಿಯಸ್ ಕೊಟ್ಟಿದ್ದ ಕನ್ನಡಿಯ ಪೊಟ್ಟಣ ಆ ಹೊತ್ತಿಗೂ ಹ್ಯಾರಿಯ ಟ್ರಂಕಿನಲ್ಲಿ ಬಿಚ್ಚದೇ ಬಿದ್ದಿರುತ್ತದೆ. ಬೇಕಾದಾಗ ಅದರಲ್ಲಿ ಸಿರಿಯಸ್ ಜೊತೆ ಮುಖ ನೋಡಿಕೊಂಡು ಮಾತಾಡಬಹುದಿತ್ತು. ಈ ಹುಡುಗ ಅದನ್ನು ಬಿಚ್ಚಿ ಒಂದು ಸಲ ಹೆಸರು ಕೂಗಿದ್ದರೆ ಸಾಕಿತ್ತು, ಸಿರಿಯಸ್ ಸಾಯುತ್ತಿರಲಿಲ್ಲ. ಆ ಪುಟ ಓದಿ ನಾನು ಪುಸ್ತಕವನ್ನು ಗೋಡೆಗೆ ಎಸೆದದ್ದು ನಿಜ. ಲೈಬ್ರರಿಯ ಪುಸ್ತಕ, ಬೆನ್ನು ಬಿಟ್ಟುಕೊಂಡಿತು, ದಂಡ ಕಟ್ಟಿದೆ.

ಇಂಥ ಸಿಟ್ಟಿನಿಂದ ಹುಟ್ಟುವ ಕಥೆಗಳಿಗೆ ನಮ್ಮವರು 'ಫಿಕ್ಸ್-ಇಟ್' ಅಂತ ಟ್ಯಾಗ್ ಹಾಕುತ್ತಾರೆ, ಮೂಲದಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುವ ಕಥೆ ಅಂತ ಅರ್ಥ. ನಾನು ಕನ್ನಡಿಗೆ ಕೈ ಹಾಕಲಿಲ್ಲ, ಅದನ್ನು ನೂರಾರು ಮಂದಿ ಬರೆದಿದ್ದಾರೆ. ನಾನು ಆರಿಸಿಕೊಂಡದ್ದು ಕೈಯನ್ನು.

ಅಂಬ್ರಿಜ್ ಅನ್ನುವ ಟೀಚರಮ್ಮ ಹ್ಯಾರಿಗೆ ಶಿಕ್ಷೆ ಕೊಡುತ್ತಾಳೆ. ವೋಲ್ಡೆಮಾರ್ಟ್ ವಾಪಸು ಬಂದಿದ್ದಾನೆ ಅಂತ ಕ್ಲಾಸಿನಲ್ಲಿ ನಿಜ ಹೇಳಿದ್ದೇ ಅವನ ತಪ್ಪು. ಅವಳು ಕೊಟ್ಟ ಕಪ್ಪು ಲೇಖನಿಗೆ ಶಾಯಿ ಬೇಡ. 'ನಾನು ಸುಳ್ಳು ಹೇಳಬಾರದು' ಅಂತ ಕಾಗದದ ಮೇಲೆ ಬರೆದಂತೆ ಅದೇ ಅಕ್ಷರ ಬಲಗೈಯ ಹಿಂಬದಿಯಲ್ಲಿ ಕೊರೆಯುತ್ತದೆ, ಕಾಗದದ ಮೇಲೆ ಮೂಡುವುದು ಅವನದೇ ರಕ್ತ. ಸಂಜೆ ಮೇಲೆ ಸಂಜೆ ಇದೇ ಶಿಕ್ಷೆ. ಗೆಳೆಯ ರಾನ್ ಗೋಗರೆದರೂ ಹ್ಯಾರಿ ಯಾವ ದೊಡ್ಡವರಿಗೂ ತೋರಿಸುವುದಿಲ್ಲ, ತಾನು ಸೋತೆ ಅಂತ ಅಂಬ್ರಿಜ್‌ಗೆ ಅನ್ನಿಸಬಾರದು ಅನ್ನುವ ಹಟ.

ನನ್ನ ಕಥೆಯಲ್ಲಿ ಅವನು ಎರಡನೇ ಸಂಜೆಯೇ ಮೆಕ್‌ಗೊನಗಲ್ ಮೇಡಂ ಕೋಣೆಗೆ ಹೋಗಿ, ಬಿಸ್ಕತ್ತಿನ ಡಬ್ಬಿಯ ಪಕ್ಕ ಕೈ ಇಡುತ್ತಾನೆ. ಇಷ್ಟೇ ಬದಲಾವಣೆ. ಮೂರು ಅಧ್ಯಾಯಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ, ಹದಿನಾಲ್ಕಕ್ಕೆ ಹೋಯಿತು. ಯಾಕೆ ಅಂದರೆ ಈಗ ಗಂಟು ಮೇಡಂ ಕೈಗೆ ಬಂತು. ಅಂಬ್ರಿಜ್ ಬಂದಿರುವುದು ಮಿನಿಸ್ಟ್ರಿಯಿಂದ, ಅಂದರೆ ಮಾಂತ್ರಿಕರ ಸರ್ಕಾರದಿಂದ, ಅದರ ಬೆನ್ನಿಗೇ 23ನೇ ಆದೇಶ ಬಂದು ಅವಳು ಶಾಲೆಗೇ ತನಿಖಾಧಿಕಾರಿ ಆಗುತ್ತಾಳೆ. ಮೇಡಂ ಜಗಳಕ್ಕೆ ಹೋದರೆ ಕೆಲಸ ಹೋಗುತ್ತದೆ, ಹೋಗದಿದ್ದರೆ ಆ ಕೈ ಕಣ್ಣಿಗೆ ಕಟ್ಟುತ್ತದೆ. ಅವರು ಒಂದು ರಾತ್ರಿಯೆಲ್ಲ ಒಂದು ದೂರು ಬರೆದು ಹರಿದು, ಬರೆದು ಹರಿದು ಮಾಡುತ್ತಾರೆ. ಹ್ಯಾರಿ ಬಾಯಿ ಮುಚ್ಚಿಕೊಂಡಿದ್ದರೆ ಈ ರಾತ್ರಿ ನನಗೆ ಸಿಗುತ್ತಲೇ ಇರಲಿಲ್ಲ. ಮುಚ್ಚಿಟ್ಟ ಗುಟ್ಟು ಎಷ್ಟೋ ಸಲ ಕಥೆಗಾರನ ಸೋಮಾರಿತನ, ಬರೆಯಲು ಕಷ್ಟವಾದ ದೃಶ್ಯವನ್ನು ಮುಂದಕ್ಕೆ ಹಾಕುವ ಉಪಾಯ ಅಂತ ನನಗೆ ಅನ್ನಿಸಿದ್ದು ಆಗ.

ಇಲ್ಲೊಂದು ತಕರಾರು ಹೇಳಿಬಿಡುತ್ತೇನೆ. ಅದೇ ಲೋಕದಲ್ಲಿ ವೆರಿಟಾಸೆರಮ್ ಅಂತ ಒಂದು ಮದ್ದಿದೆ. ಮೂರು ತೊಟ್ಟು ಕುಡಿಸಿದರೆ ಎಂಥವನೂ ಒಳಗಿದ್ದುದನ್ನೆಲ್ಲ ಕಕ್ಕುತ್ತಾನೆ. ಪ್ರೀತಿ ಹೇಳಿಕೊಳ್ಳಲಾಗದ ಪಾತ್ರಕ್ಕೆ ಯಾರೋ ಕುಂಬಳಕಾಯಿ ರಸದಲ್ಲಿ ಅದನ್ನು ಬೆರೆಸಿಕೊಡುವ ಕಥೆಗಳಿಗೆ ಲೆಕ್ಕವಿಲ್ಲ. ನನಗೆ ಅವು ಸೇರುವುದಿಲ್ಲ. ಬಾಯಿ ಬಿಡಿಸಿದ ನಿಜಕ್ಕೂ ಬಾಯಿ ಬಿಟ್ಟು ಹೇಳಿದ ನಿಜಕ್ಕೂ ಅಜಗಜಾಂತರ. ಹೇಳದೇ ಇರುವ ದಾರಿ ತೆರೆದೇ ಇರಬೇಕು, ಆ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟವನು ತಿರುಗಿ ಬಂದು ಹೇಳಬೇಕು. ಇಲ್ಲದಿದ್ದರೆ ಅದು ವಾಂತಿ ಅಷ್ಟೇ.

ಆದರೂ ನಿಜ ಹೇಳಿದವರೆಲ್ಲ ಪ್ರಾಮಾಣಿಕರೇ ಅಂದರೆ ನಾನು ಒಪ್ಪುವುದಿಲ್ಲ. ಇದನ್ನು ಕಲಿತದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ನಮ್ಮೂರಿನ ತಾಳಮದ್ದಳೆಯಿಂದ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾನೆ. ಮಾತು ಬರೆದಿಟ್ಟದ್ದಲ್ಲ. ಕಥೆಯ ಕೊನೆ ಬದಲಾಯಿಸುವಂತಿಲ್ಲ, ನಡುವೆ ಏನು ಮಾತಾಡುತ್ತೀಯೋ ನಿನ್ನ ಕೆಚ್ಚು. ಒಂದು ಮಳೆಗಾಲದ ರಾತ್ರಿ ದೇವಸ್ಥಾನದ ಜಗಲಿಯಲ್ಲಿ 'ಕರ್ಣಭೇದನ'. ದೊಡ್ಡಪ್ಪನದು ಕರ್ಣ, ಪಕ್ಕದೂರಿನ ಮೇಷ್ಟ್ರದು ಕೃಷ್ಣ. ನಾನು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ. ನೀನು ಕುಂತಿಯ ಮಗ ಅಂತ ಕೃಷ್ಣ ಹೇಳಿ ಆಯಿತು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಂಚಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು.

"ದೇವಾ, ಈ ಸಂಗತಿ ನಿನಗೆ ಇಂದು ತಿಳಿದದ್ದೋ, ಅಂದೇ ತಿಳಿದಿತ್ತೋ?"

"ಅಂದೇ ತಿಳಿದಿತ್ತು."

"ಹಾಗಾದರೆ ತುಂಬಿದ ಸಭೆಯಲ್ಲಿ ಕೃಪಾಚಾರ್ಯರು ನನ್ನ ತಂದೆತಾಯಿಯ ಹೆಸರು ಕೇಳಿದ ಮೇಲೆ ಇಷ್ಟು ವರ್ಷ ಈ ನಾಲಗೆ ಎಲ್ಲಿತ್ತು? ಇಂದು ನಿನಗೆ ನಾನು ಬೇಕು. ಅದಕ್ಕೆ ಸತ್ಯ ಬಂತು."

ಮೇಷ್ಟ್ರು ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು. ಬಾಯಾರಿಕೆಗಲ್ಲ ಅಂತ ಜಗಲಿಗೆಲ್ಲ ಗೊತ್ತಾಯಿತು.

ಪ್ರಸಂಗದ ಹೆಸರಲ್ಲೇ ಇದೆಯಲ್ಲ, ಸಾಮ ದಾನ ಭೇದ ದಂಡದಲ್ಲಿನ ಭೇದ ಅದು. ಕೃಷ್ಣ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೆ ಅದು ಯುದ್ಧತಂತ್ರ. ಕುಂತಿ ಮಗನ ಹತ್ತಿರ ಬಂದು ಹೇಳಿಕೊಂಡದ್ದೂ ಯುದ್ಧ ಹೊಸ್ತಿಲಲ್ಲಿ ನಿಂತ ಮೇಲೆ. ಲೋಕಕ್ಕೆ ಹೇಳಿದ್ದು ಅವನು ಸತ್ತ ಮೇಲೆ, ತರ್ಪಣದ ಹೊತ್ತಿಗೆ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಅಂತ ಧರ್ಮರಾಯ ಶಾಪ ಕೊಟ್ಟದ್ದು ಆಗಲೇ. ಆ ಶಾಪವನ್ನು ನಮ್ಮ ಕಡೆ ಹೆಂಗಸರಿಗೆ ತಮಾಷೆ ಮಾಡಲು ಬಳಸುತ್ತಾರೆ. ಅವನಿಗೆ ಸಿಟ್ಟು ಬಂದದ್ದು ಅವಳು ಗುಟ್ಟನ್ನು ಅಷ್ಟು ಚೆನ್ನಾಗಿ ಕಾಪಾಡಿದ್ದಕ್ಕೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಶಾಪ ಕೊಟ್ಟವನಾದರೂ ಅಶ್ವತ್ಥಾಮನ ವಿಷಯಕ್ಕೆ ಆನೆ ಅನ್ನುವ ಶಬ್ದವನ್ನು ಮೆಲ್ಲಗೆ ನುಂಗಿ, ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥವನ್ನು ನೆಲಕ್ಕಿಳಿಸಿಕೊಂಡವನೇ.

ಅಲ್ಲಿಂದ ನನಗೆ ಒಂದು ಅಳತೆ ಸಿಕ್ಕಿತು. ನಿಜ ಹೇಳಿದ್ದರಿಂದ ನಷ್ಟ ಯಾರಿಗೆ ಅಂತ ನೋಡುತ್ತೇನೆ. ಹೇಳಿದವರಿಗೇ ಆದರೆ ಅದು ನನ್ನ ಕಥೆಗೆ ಬೇಕು.

ಹಾಗೆ ಬರೆದದ್ದು ಕುಂತಿಯ ಕಥೆ. ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಕರ್ಣ ರಂಗಕ್ಕೆ ಇಳಿದಾಗ ಅವಳು ಮೂರ್ಛೆ ಹೋದಳು ಅನ್ನುವುದು ಎಲ್ಲರಿಗೂ ಗೊತ್ತು. ವಿದುರ ದಾಸಿಯರಿಂದ ಗಂಧದ ನೀರು ಹಾಕಿಸಿ ಅವಳನ್ನು ಎಬ್ಬಿಸುತ್ತಾನೆ. ನಾವು ಮರೆಯುವುದು ಏನೆಂದರೆ, ಕೃಪರು "ಈ ಅರ್ಜುನ ಕುಂತಿಯ ಮಗ, ನಿನ್ನ ತಾಯಿ ಯಾರು, ತಂದೆ ಯಾರು, ಕುಲ ಯಾವುದು?" ಅಂತ ಕೇಳುವುದು ಅದಾದ ಮೇಲೆ. ಅಂದರೆ ಅವಳಿಗೆ ಎಚ್ಚರವಿತ್ತು. ಪ್ರಶ್ನೆಯನ್ನು ಕೇಳಿಸಿಕೊಂಡು ಕೂತಿದ್ದಳು. ನನ್ನ ಕಥೆಯಲ್ಲಿ ಎದ್ದು ನಿಲ್ಲುತ್ತಾಳೆ, "ನಾನು" ಅನ್ನುತ್ತಾಳೆ.

ಮೊದಲ ಸಲ ಬರೆದಾಗ ಕೆಟ್ಟದಾಗಿ ಬಂತು. ಅರ್ಜುನ ಓಡಿ ಬಂದು ಅಣ್ಣನ ಕಾಲಿಗೆ ಬಿದ್ದ, ಭೀಮ ತಬ್ಬಿಕೊಂಡ, ದುರ್ಯೋಧನ ಮುಖ ಊದಿಸಿಕೊಂಡು ಹೋದ. ಒಬ್ಬ ಓದುಗರು "ಧಾರಾವಾಹಿಯ ಕೊನೇ ಎಪಿಸೋಡ್ ಥರ ಇದೆ" ಅಂತ ಬರೆದರು. ಎರಡು ದಿನ ಉರಿದುಕೊಂಡೆ, ಆಮೇಲೆ ಒಪ್ಪಿಕೊಂಡೆ. ಅತ್ತೆಯ ಮಗ ಕೇಳಿದ ಪ್ರಶ್ನೆ ಆ ಕಥೆಯ ಮಟ್ಟಿಗೆ ನೂರಕ್ಕೆ ನೂರು ಸರಿ. ಎಲ್ಲರೂ ನಿಜ ಹೇಳಿದ್ದರು, ಯಾರ ಕೈಯಿಂದಲೂ ಒಂದು ಕಾಸು ಬಿಚ್ಚಿರಲಿಲ್ಲ.

ಎರಡನೇ ಸಲ ಬರೆದಾಗ ಅವಳ ಮಾತಿನ ನಂತರದ ಮೌನದಿಂದ ಶುರು ಮಾಡಿದೆ. ಧರ್ಮರಾಯ ತಾನು ಹಿರಿಯನಲ್ಲ ಅನ್ನುವುದನ್ನು ಲೆಕ್ಕ ಹಾಕುತ್ತಾನೆ, ಲೆಕ್ಕ ಹಾಕಿದ್ದಕ್ಕೆ ನಾಚಿಕೊಳ್ಳುತ್ತಾನೆ. ಗಾಂಧಾರಿ ತಿರುಗದೇ ಕೂತಿರುತ್ತಾಳೆ. ಅಷ್ಟರಲ್ಲಿ ಕರ್ಣನನ್ನು ಸಾಕಿದ ಅಧಿರಥ ಬರುತ್ತಾನೆ. ಮೂಲದಲ್ಲಿ ಆ ಮುದುಕ ಬೆವತುಕೊಂಡು, ಮೇಲುವಸ್ತ್ರ ಜಾರುತ್ತ, ಕೋಲೂರಿಕೊಂಡು ನಡುಗುತ್ತ ಬರುತ್ತಾನೆ. ನನ್ನಲ್ಲೂ ಹಾಗೇ. ಆದರೆ ಇಲ್ಲಿ ಏನು ನಡೆದಿದೆ ಅಂತ ಅವನೊಬ್ಬನಿಗೆ ಗೊತ್ತಿಲ್ಲ. ಮಗ ಚೆನ್ನಾಗಿ ಬಾಣ ಬಿಟ್ಟನಂತೆ ಅಂತ ಯಾರೋ ಹೇಳಿದ್ದಕ್ಕೆ ನೋಡಲು ಬಂದಿದ್ದಾನೆ. ಕರ್ಣ ಬಿಲ್ಲು ಕೆಳಗಿಟ್ಟು ಅವನ ಕಾಲಿಗೆ ಬೀಳುತ್ತಾನೆ, ಎದ್ದು ಕುಂತಿಯ ಕಡೆ ನೋಡದೆ, "ನನ್ನ ತಾಯಿ ಮನೆಯಲ್ಲಿದ್ದಾಳೆ" ಅನ್ನುತ್ತಾನೆ. ಕುಂತಿ ನಿಂತೇ ಇರುತ್ತಾಳೆ. ಅವಳಿಗೆ ಮಗ ಸಿಗುವುದಿಲ್ಲ. ಇದ್ದ ಮಾನವೂ ಹೋಯಿತು.

ಇಷ್ಟೆಲ್ಲ ಬರೆದವಳು, ಮನೆಯಲ್ಲಿ ಮಾತ್ರ ಏಳು ವರ್ಷ "ಆಫೀಸ್ ಕೆಲಸ ಇದೆಯಮ್ಮ" ಅಂತ ಹೇಳಿಕೊಂಡು ರಾತ್ರಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಬರೆಯುವ ಹೆಸರೂ ಬೇರೆ. ಹೋದ ಸಲ ಊರಿಗೆ ಹೋದಾಗ, ಅಮ್ಮ ಅಡಿಕೆ ಸುಲಿಯುತ್ತ ಕೂತಿದ್ದಾಗ, ಹೇಳಿಬಿಟ್ಟೆ. "ಎಂತ ಮಾರಾಯ್ತಿ, ಕಳ್ಳತನ ಮಾಡಿದವರ ಹಾಗೆ ಹೇಳ್ತೀಯಲ್ಲ, ಓದು ನೋಡುವ" ಅಂದಳು. ಕುಂತಿಯದನ್ನೇ ಓದಿದೆ. ಕತ್ತಿ ಮಣೆಯ ಸದ್ದು ನಡುವೆ ಒಂದು ಸಲ ನಿಂತಿತು, ಮತ್ತೆ ಶುರುವಾಯಿತು.

ಮುಗಿದ ಮೇಲೆ ಚೆನ್ನಾಗಿದೆ, ಇಲ್ಲ ಅಂತ ಏನೂ ಹೇಳಲಿಲ್ಲ. "ಎದ್ದು ನಿಲ್ಲೋ ಮೊದಲು ಅವಳು ಮುಖ ಒರೆಸಿಕೊಳ್ಳಲಿ. ಗಂಧದ ನೀರು ಹಾಕಿದ್ದಾರಲ್ಲ, ಹಾಗೇ ಹಸಿ ಮುಖದಲ್ಲಿ ಅಷ್ಟು ಜನರ ಎದುರಿಗೆ ನಿಲ್ತಾಳಾ?"

ಸೆರಗಿನಿಂದ ಒರೆಸಿಕೊಂಡಳು ಅಂತ ಅಲ್ಲೇ ಕೂತು ಒಂದು ಸಾಲು ಸೇರಿಸಿದೆ. ಅಮ್ಮ ಸಿಪ್ಪೆ ಗುಡಿಸಿ ಬುಟ್ಟಿಗೆ ತುಂಬುತ್ತ, "ಮತ್ತೆ ಅವನನ್ನು ಸಾಕಿದ ಆ ರಾಧೆಗೆ ಯಾರು ಹೇಳಿದ್ರು?" ಅಂದಳು.

ಅದನ್ನು ಈಗ ಬರೆಯುತ್ತಿದ್ದೇನೆ.