ಅದೇ ಹಲಗೆ, ಬೆಳಗೂ ರಾತ್ರಿಯೂ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಬಂದರೆ ಕರಪತ್ರ. ಅಪ್ಪ ಇದೇ ಜಾಗದಲ್ಲಿ ಟ್ರೆಡಲ್ ಮಷಿನ್ ತುಳಿದವರು, ಅಚ್ಚಿನ ಮೊಳೆ ಜೋಡಿಸಿದವರು. ಹಾಗಾಗಿ ಎಲ್ಲೇ ಯಾವುದೇ ಅಚ್ಚು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಬಣ್ಣಗಳು ಸೇರುವ ಅಂಚಿಗೆ. ಎರಡನೇ ಬಣ್ಣ ಒಂದು ಕೂದಲೆಳೆಯಷ್ಟು ಸರಿದಿದ್ದರೂ ಗೊತ್ತಾಗಿಬಿಡುತ್ತದೆ.

ಹೋದ ವರ್ಷ ಪುಣೆಯಲ್ಲಿ ಓದುವ ನನ್ನ ಅಣ್ಣನ ಮಗ ವಾಟ್ಸಾಪ್‌ನಲ್ಲಿ ಆರು ಚಿತ್ರ ಕಳಿಸಿದ. "ಕಾಕಾ, ಇವು ಮರದ ಹಲಗಿಲಿಂದ ಮಾಡಿದ್ದು, ನೋಡ್ರಿ" ಅಂತ ಬರೆದಿದ್ದ. ಸಮುದ್ರ, ಹಾಯಿ ಬಿಚ್ಚಿದ ದೋಣಿಗಳು. ಒಂದರಲ್ಲಿ ನಸುಕಿನ ಹಳದಿ. ಒಂದರಲ್ಲಿ ಮಂಜು. ಇನ್ನೊಂದರಲ್ಲಿ ಕಡುನೀಲಿ ರಾತ್ರಿ. ನಾನು ಆರು ಬೇರೆ ಬೇರೆ ಕೆತ್ತನೆ ಅಂದುಕೊಂಡೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದೆ. ಹಾಯಿಯ ಮಡಿಕೆ ಅದೇ, ಹಗ್ಗ ಅದೇ, ನೀರಿನ ಗೆರೆ ಅದೇ. ಹಲಗೆಗಳು ಬದಲಾಗಿಲ್ಲ, ಬಣ್ಣ ಮಾತ್ರ ಬದಲಾಗಿದೆ! ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿ ತಿರುಗುತ್ತಿತ್ತು.

ಅವು ಯೋಶಿದಾ ಹಿರೋಶಿ ಅನ್ನುವ ಕಲಾವಿದರ 1926ರ ಕೆಲಸ. ಹುಟ್ಟಿದ್ದು 1876ರಲ್ಲಿ, ಜಪಾನಿನ ಕುರುಮೆ ಊರಲ್ಲಿ. ಚಿತ್ರಕಲೆ ಮೇಷ್ಟರೊಬ್ಬರು ಇವರ ಕೈಗುಣ ನೋಡಿ ದತ್ತು ತೆಗೆದುಕೊಂಡರು. ಮೊದಲು ಎಣ್ಣೆಬಣ್ಣ, ಜಲವರ್ಣ. 1899ರಲ್ಲೇ ಅಮೆರಿಕಕ್ಕೆ ಹೋಗಿ ಚಿತ್ರ ಮಾರಿ ಬಂದವರು. ಮರದಚ್ಚಿಗೆ ಬಂದದ್ದು ನಲವತ್ತು ದಾಟಿದ ಮೇಲೆ, 1920ರಲ್ಲಿ, ಟೋಕಿಯೊದ ವಾತಾನಾಬೆ ಅನ್ನುವ ಪ್ರಕಾಶಕರ ಜೊತೆ. 1923ರ ಸೆಪ್ಟೆಂಬರ್ 1ರಂದು ದೊಡ್ಡ ಭೂಕಂಪ ಆಯಿತು. ಆಮೇಲೆ ಎದ್ದ ಬೆಂಕಿಯಲ್ಲಿ ಪ್ರಕಾಶಕರ ಅಂಗಡಿ ಸುಟ್ಟು, ಹಿರೋಶಿ ಅವರ ಹಲಗೆಗಳೂ ಹೋದವು. ಅಂಗಡಿ ಇಟ್ಟವನಿಗೆ ಈ ಸಾಲು ಓದುವುದು ಕಷ್ಟ. ಕಾಗದ ಹೋದರೆ ಮತ್ತೆ ಮುದ್ರಿಸಬಹುದು. ಹಲಗೆಯೇ ಹೋದರೆ?

ಅವರು ಹೆಂಡತಿ ಫುಜಿಯೊ ಜೊತೆ ಮತ್ತೆ ಅಮೆರಿಕಕ್ಕೆ ಹೋದರು. ಆಕೆಯೂ ಚಿತ್ರಕಾರ್ತಿ. ಅಲ್ಲಿ ಜನ ಜಪಾನಿನ ಮರದಚ್ಚುಗಳನ್ನು ಎಷ್ಟು ಆಸೆಯಿಂದ ಕೊಳ್ಳುತ್ತಾರೆ ಅನ್ನುವುದು ಕಣ್ಣಿಗೆ ಬಿತ್ತು. 1925ರಲ್ಲಿ ಊರಿಗೆ ಮರಳಿ ಸ್ವಂತ ಕಾರ್ಖಾನೆ ಹಾಕಿದರು. ಆಗ ಅವರಿಗೆ ಐವತ್ತರ ಹತ್ತಿರ. ನನಗೀಗ ನಲವತ್ತೇಳು. ಇದನ್ನು ಓದಿದ ಮೇಲೆಯೇ ನಾನು ಉಳಿ ಕೈಗೆತ್ತಿಕೊಂಡದ್ದು.

ನನಗೆ ತುಂಬ ಹತ್ತಿರ ಅನ್ನಿಸಿದ್ದು ಇನ್ನೊಂದು ಸಂಗತಿ. 1930ರ ಕೊನೆಯಲ್ಲಿ ಅವರು ದೊಡ್ಡ ಮಗ ತೋಶಿಯನ್ನು ಕರೆದುಕೊಂಡು ಭಾರತಕ್ಕೆ ಬಂದಿದ್ದರು. ತಾಜ್ ಮಹಲ್, ಕಾಂಚನಜುಂಗಾ, ಅಜಂತಾ, ಎಲ್ಲೋರಾ ಎಲ್ಲವನ್ನೂ ಅಚ್ಚಾಗಿಸಿದರು. ಎಲ್ಲೋರಾ ಇರುವ ಔರಂಗಾಬಾದ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ನಮ್ಮ ಕಲಬುರಗಿಯೂ ಆಗ ಅದೇ ಸಂಸ್ಥಾನದ್ದು. ನಮ್ಮ ಅಜ್ಜ ಯಾವ ನಾಣ್ಯ ಕೊಟ್ಟು ಜೋಳ ತಂದರೋ ಅದೇ ನಾಣ್ಯ ಓಡುತ್ತಿದ್ದ ನೆಲದಲ್ಲಿ ಈ ಮನುಷ್ಯ ಸ್ಕೆಚ್ ಪುಸ್ತಕ ಹಿಡಿದು ಕೂತಿದ್ದ. ಆ ಎಲ್ಲೋರಾ ಅಚ್ಚುಗಳನ್ನು ನೋಡಿದರೆ ನಮ್ಮ ಕಡೆಯ ಬಿಸಿಲು ಗುರುತು ಸಿಗುತ್ತದೆ. ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ತಂಪು ಕತ್ತಲೆ.

ಹಳೆಯ ಜಪಾನಿನಲ್ಲಿ ಚಿತ್ರ ಬರೆಯುವವ ಒಬ್ಬ, ಕೆತ್ತುವವ ಒಬ್ಬ, ಅಚ್ಚೊತ್ತುವವ ಮತ್ತೊಬ್ಬ. ಹಣ ಹಾಕುವ ಪ್ರಕಾಶಕ ಬೇರೆ. ಹಿರೋಶಿ ಆ ಪ್ರಕಾಶಕನ ಜಾಗದಲ್ಲೂ ತಾವೇ ಕೂತರು. ಅವರ ಅಚ್ಚುಗಳ ಅಂಚಿನಲ್ಲಿ 'ಜಿಜುರಿ' ಅಂತ ಒಂದು ಮುದ್ರೆ ಇರುತ್ತದೆ. 'ತಾನೇ ಅಚ್ಚು ಹಾಕಿದ್ದು' ಅಂತ ಅರ್ಥ. ಆದರೆ ಅವರ ಕಾರ್ಖಾನೆಯಲ್ಲಿ ಕೆತ್ತುವ, ಒತ್ತುವ ಕೆಲಸಗಾರರು ಇದ್ದರು ಅಂತ ಆಮೇಲೆ ಗೊತ್ತಾಯಿತು. ಮೊದಲು ನನಗೆ ಬೇಜಾರಾಯಿತು. ಆಮೇಲೆ ಅನ್ನಿಸಿತು, ಅವರು ಪಕ್ಕದಲ್ಲೇ ನಿಂತು ಪ್ರತಿ ಬಣ್ಣ ನೋಡುತ್ತಿದ್ದರು, ತಾವೂ ಕೆತ್ತಲು ಕಲಿತಿದ್ದರು. 1928ರಲ್ಲಿ ಹರಿಯುವ ಹೊಳೆಯ ಒಂದು ದೊಡ್ಡ ಅಚ್ಚು ಮಾಡಿದಾಗ ನೀರಿನ ಭಾಗವನ್ನು ತಾವೇ ಕೆತ್ತಿದರು. ನಿಕ್ಕೋ ಊರಿನ ಯೋಮೆಯ್ ಬಾಗಿಲಿನ ಒಂದು ಚಿತ್ರಕ್ಕೆ ಕಾಗದವನ್ನು 96 ಸಲ ಒತ್ತಿಸಿದರು. ಒಂದೇ ಹಾಳೆ, 96 ಸಲ! ಅಷ್ಟು ಸಲ ಜೊತೆಗೆ ನಿಂತವರು ಆ ಮುದ್ರೆ ಹಾಕಿಕೊಳ್ಳಬಹುದು ಅಂತ ಈಗ ನಾನು ನಂಬುತ್ತೇನೆ.

ಬಣ್ಣ ಸರಿಯದ ಹಾಗೆ ಹೇಗೆ ನೋಡಿಕೊಳ್ಳುತ್ತಾರೆ? ನನಗೆ ಬೇಕಿದ್ದದ್ದು ಅದೇ. ಪ್ರತಿ ಹಲಗೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಮೂಲೆಗಚ್ಚು, ಅದೇ ಅಂಚಿನಲ್ಲಿ ಎಡಕ್ಕೆ ಒಂದು ನೇರ ಗೆರೆಯ ಕಚ್ಚು ಕೆತ್ತಿರುತ್ತಾರೆ. ಇದಕ್ಕೆ 'ಕೆಂತೋ' ಅನ್ನುತ್ತಾರೆ. ಕಾಗದದ ಮೂಲೆ ಮೊದಲನೆಯದರಲ್ಲಿ ಕೂರಬೇಕು, ಅಂಚು ಎರಡನೆಯದಕ್ಕೆ ತಾಗಬೇಕು. ಅಷ್ಟೇ. ನಾವು ಸ್ಕ್ರೀನ್ ಟೇಬಲ್ ಮೇಲೆ ರಟ್ಟಿನ ತುಂಡು ಅಂಟಿಸಿ ಗೈಡ್ ಮಾಡಿಕೊಳ್ಳುತ್ತೇವಲ್ಲ, ಅದೇ ಬುದ್ಧಿ. ಓದಿ ನಿಜವಾಗಲೂ ಖುಷಿಯಾಯಿತು.

ಏಪ್ರಿಲ್‌ನಲ್ಲಿ ಪರಿಚಯದ ಬಡಿಗೇರ ಕಾಕಾನ ಹತ್ತಿರ ಹಳೇ ಬಾಗಿಲಿನ ಸಾಗವಾನಿ ಹಲಗೆ ಕೇಳಿದೆ. "ಏನ್ ಮಾಡ್ತೀರಿ ಇದಕ ತಗೊಂಡು?" ಅಂದರು. ನಮ್ಮೂರಿನ ಹಳೇ ಗೋರಿಗಳ ಗುಂಪು ಹಫ್ತ್ ಗುಂಬಜ್ ಕೆತ್ತುತ್ತೇನೆ ಅಂದೆ. ಕೇಳಿ ಸುಮ್ನೆ ಒಳಗೆ ಹೋಗಿ, ನಾಲ್ಕೂ ತುಂಡಿಗೆ ರಂದ ಹೊಡೆದು ನುಣ್ಣಗೆ ಮಾಡಿ ಕೊಟ್ಟರು. ಜಪಾನಿನವರು ಕಾಡು ಚೆರಿ ಮರ ಬಳಸುತ್ತಾರೆ, ಅದರ ನಾರು ಬಿಗಿ. ಸಾಗವಾನಿಯ ನಾರು ದಪ್ಪ, ಸಣ್ಣ ಗೆರೆ ಒಡೆದುಹೋಗುತ್ತದೆ. ಹಾಗಾಗಿ ಗುಂಬಜಗಳನ್ನು ದಪ್ಪ ಆಕಾರದಲ್ಲೇ ಬಿಟ್ಟೆ. ಒಂದು ಹಲಗೆ ಗೆರೆಗೆ, ಒಂದು ಗುಂಬಜಕ್ಕೆ, ಒಂದು ನೆಲಕ್ಕೆ, ಒಂದು ಆಕಾಶಕ್ಕೆ.

ಅಲ್ಲಿಂದ ಶುರುವಾಯಿತು ತೊಂದರೆ. ಈ ಪದ್ಧತಿಯಲ್ಲಿ ಕಾಗದ ತೇವವಾಗಿರಬೇಕು. ಬಣ್ಣ ನೀರಿನದು, ಅದಕ್ಕೆ ಅಕ್ಕಿಯ ಅಂಟು ಬೆರೆಸುತ್ತಾರೆ. ತೇವದ ಕಾಗದ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ? ಮೊದಲ ಬಣ್ಣ ಒತ್ತಿ ಎರಡನೇ ಹಲಗೆಗೆ ಬರುವಷ್ಟರಲ್ಲಿ ಕಾಗದ ಒಣಗಿ ಕುಗ್ಗುತ್ತಿತ್ತು. ಕಚ್ಚಿನಲ್ಲಿ ಸರಿಯಾಗಿ ಕೂತಿದೆ, ಆದರೂ ಗುಂಬಜ ಗೆರೆಯಿಂದ ಎರಡು ಮಿಲಿಮೀಟರ್ ಹೊರಗೆ. ಕೂಲರ್ ಹಾಕಿದರೆ ಗಾಳಿಗೆ ಇನ್ನೂ ಬೇಗ ಒಣಗಿತು. ಒದ್ದೆ ಗೋಣಿಚೀಲದ ನಡುವೆ ಇಟ್ಟೆ, ಚೀಲದ ನಾರಿನ ಗುರುತು ಬಿತ್ತು. ಪುಣೆಯಿಂದ ತರಿಸಿದ್ದ ಕೈಕಾಗದ ಇಪ್ಪತ್ತೆರಡು ಹಾಳೆ ಹಾಳಾಯಿತು. ಹಲಗೆಗಳನ್ನು ಬಟ್ಟೆ ಸುತ್ತಿ ಕಪಾಟಿನ ಮೇಲೆ ಇಟ್ಟುಬಿಟ್ಟೆ.

ಶ್ರಾವಣದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಮಳೆ. ಲಗ್ನದ ಸೀಸನ್ ಇಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಹಲಗೆ ಇಳಿಸಿದೆ. ಕಾಗದವನ್ನು ಹಿಂದಿನ ರಾತ್ರಿಯೇ ಒದ್ದೆ ಮಾಡಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದೆ. ಬಿದಿರಿನ ಸಿಪ್ಪೆಯಲ್ಲಿ ಮಾಡುವ 'ಬಾರೆನ್' ನನ್ನ ಹತ್ತಿರ ಇಲ್ಲ, ಸ್ಟೀಲ್ ಸೌಟಿನ ಬೆನ್ನಿನಲ್ಲಿ ಉಜ್ಜಿದೆ. ಆಕಾಶದ ಹಲಗೆಯ ಮೇಲಂಚಿಗೆ ಮಾತ್ರ ಬಣ್ಣ ಹಚ್ಚಿ, ಒದ್ದೆ ಬ್ರಷ್‌ನಿಂದ ಕೆಳಕ್ಕೆ ಎಳೆದರೆ ಬಣ್ಣ ತಾನಾಗಿ ತೆಳುವಾಗುತ್ತದೆ. ಇದಕ್ಕೆ 'ಬೊಕಾಶಿ' ಅನ್ನುತ್ತಾರೆ. ಹಿರೋಶಿ ಅವರ ಆಕಾಶಗಳೆಲ್ಲ ಹೀಗೇ ಹುಟ್ಟಿದವು. ಮೊದಲ ದಿನ ಬೆಳಗಿನ ಬಣ್ಣ ಹಾಕಿದೆ, ಹಳದಿ ಮತ್ತು ತಿಳಿ ಕೆಂಪು. ಬಣ್ಣಗಳು ಗೆರೆಯೊಳಗೇ ಕೂತವು.

ಎರಡನೇ ದಿನ ಅದೇ ನಾಲ್ಕು ಹಲಗೆ ತೊಳೆದು ನೀಲಿ ಹಾಕಿದೆ. ಗುಂಬಜಗಳು ಕಪ್ಪಾಗಿ ಹಿಂದಕ್ಕೆ ಸರಿದವು. ಸಾಗವಾನಿಯ ನಾರು ಆಕಾಶದಲ್ಲಿ ಮೂಡಿ ತೆಳು ಮೋಡದ ಹಾಗೆ ಕಂಡಿತು. ನಾನು ಅದನ್ನು ಕೆತ್ತಿರಲಿಲ್ಲ, ಮರವೇ ಕೊಟ್ಟದ್ದು.

ಅಪ್ಪನಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ರಾತ್ರಿಯ ಹಾಳೆಯನ್ನು ಕೈಗೆ ಕೊಟ್ಟೆ. ಅವರು ಚಿತ್ರ ನೋಡಲಿಲ್ಲ. ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಬೆರಳು ಆಡಿಸಿದರು. ಸೌಟು ಉಜ್ಜಿದ ಗುರುತುಗಳ ಮೇಲೆ ನಿಧಾನವಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ.

"ಬಲಕಡಿ ಒತ್ತು ಕಡಿಮಿ ಆಗ್ಯಾದ ನೋಡು" ಅಂದರು.

ಬೆಳಕಿಗೆ ಹಿಡಿದು ನೋಡಿದೆ. ಬಲಗಡೆಯ ಕೊನೇ ಗುಂಬಜದ ನೀಲಿ ನಿಜವಾಗಲೂ ತೆಳುವಾಗಿತ್ತು. ಇನ್ನೂ ಒಂಬತ್ತು ಹಾಳೆ ಉಳಿದಿದ್ದವು. ಮಳೆ ನಿಂತಿರಲಿಲ್ಲ. ಮತ್ತೆ ಬಣ್ಣ ಕಲೆಸಿದೆ.